ಶಾಲೆಯ ಊಟದಿಂದ ಹಾಜರಾತಿ ಏರಬೇಕಾದರೆ: ಹಳ್ಳಿ ಶಾಲೆಗಳಿಗೊಂದು ಮಾರ್ಗದರ್ಶಿ

ಊಟ ಹಾಕಿದರೆ ಮಕ್ಕಳು ತಾವಾಗೇ ಬರುತ್ತಾರೆ, ಇಷ್ಟೇ ತಾನೆ? ಬಹಳ ಮಟ್ಟಿಗೆ ಹೌದು. ಪಶ್ಚಿಮ ಕೀನ್ಯಾದ ಹಳ್ಳಿಗಳಲ್ಲಿ ಕೆಲವು ಶಿಶುವಿಹಾರಗಳಲ್ಲಿ ಬೆಳಗ್ಗೆ ಗಂಜಿ ಕೊಟ್ಟು, ಇನ್ನು ಕೆಲವಲ್ಲಿ ಕೊಡದೆ ಹೋಲಿಸಿ ನೋಡಿದ್ದರು. ಹೇಳದೆ ಕೇಳದೆ ಹೋಗಿ ತಲೆ ಎಣಿಸಿದಾಗ ಗಂಜಿ ಇಲ್ಲದ ಕಡೆ ನೂರಕ್ಕೆ ಸುಮಾರು 27 ಮಕ್ಕಳು ಸಿಕ್ಕರು, ಗಂಜಿ ಇದ್ದ ಕಡೆ ಸುಮಾರು 36. ಭಾರತದ ಮಧ್ಯಪ್ರದೇಶದಲ್ಲಿ ಒಣ ಧಾನ್ಯ ಹಂಚುವುದನ್ನು ಬಿಟ್ಟು ಶಾಲೆಯಲ್ಲೇ ಬೇಯಿಸಿ ಬಡಿಸತೊಡಗಿದಾಗ ಒಂದನೇ ತರಗತಿಯ ಹುಡುಗಿಯರ ಹಾಜರಾತಿ ನೂರರಲ್ಲಿ ಹತ್ತಕ್ಕಿಂತ ಜಾಸ್ತಿ ಏರಿತು. ಹುಡುಗರಲ್ಲಿ ಮಾತ್ರ ಅಂಥ ಎದ್ದು ಕಾಣುವ ಬದಲಾವಣೆ ಆಗಲಿಲ್ಲ.

ಬುರ್ಕಿನಾ ಫಾಸೊದಲ್ಲಿ ಕಂಡದ್ದು ಇನ್ನೂ ಕುತೂಹಲದ್ದು. ಕೆಲವು ಊರುಗಳಲ್ಲಿ ಶಾಲೆಯಲ್ಲೇ ಊಟ ಕೊಟ್ಟರು, ಕೆಲವು ಕಡೆ ಹುಡುಗಿಯರ ಕೈಯಲ್ಲಿ ಮನೆಗೆ ಹಿಟ್ಟು ಕಳಿಸಿದರು. ಎರಡೂ ಕಡೆ ಶಾಲೆಗೆ ಸೇರುವ ಹುಡುಗಿಯರು ಹೆಚ್ಚಿದರು. ಆದರೆ ದುಡಿಯುವ ಕೈ ಕಡಿಮೆ ಇದ್ದ ಮನೆಗಳ ಮಕ್ಕಳಲ್ಲಿ ಗೈರುಹಾಜರಿಯೂ ಹೆಚ್ಚಿತು. ಹೆಸರು ಬರೆಸುವುದು ಬೇರೆ, ದಿನಾ ಕಳಿಸುವುದು ಬೇರೆ, ಅಲ್ವಾ?

ಊಟ ಮತ್ತು ಹಾಜರಾತಿಯ ವಿಷಯದಲ್ಲಿ ನನಗೆ ಮುಖ್ಯ ಅನಿಸುವುದು ಎರಡು. ಯಾವ ಮಗು ಯಾಕೆ ಬರುತ್ತಿಲ್ಲ ಎಂಬುದು ಶಾಲೆಗೆ ಗೊತ್ತಿರಬೇಕು. ಊಟ ತಪ್ಪಬಾರದು. ಏನು ಬಡಿಸಬೇಕು ಎಂಬ ಚರ್ಚೆ ಆಮೇಲೆ. ಶಿಕ್ಷಕರು, ಶಾಲಾ ಸಮಿತಿಯವರು, ಊರಿನ ಮಹಿಳಾ ಸಂಘದವರು, ಶಾಲೆಗೆ ನೆರವಾಗಲು ಬಂದ ಸಂಸ್ಥೆಯವರು, ಯಾರೇ ಇರಲಿ, ಕೆಳಗಿನ ಕ್ರಮದಲ್ಲಿ ಹೋದರೆ ಕೆಲಸ ಸುಲಭ.

ಮೊದಲು ಹಾಜರಾತಿ ಪುಸ್ತಕ ತೆಗೆಯಿರಿ

ಒಲೆ, ಪಾತ್ರೆ, ಸಾಮಾನು ಇದ್ಯಾವುದಕ್ಕೂ ಕೈ ಹಾಕುವ ಮೊದಲು ಕಳೆದ ಮೂರು ತಿಂಗಳ ಹಾಜರಾತಿ ಪುಸ್ತಕ ಹಿಡಿದು ಕೂರಿ. ಸರಾಸರಿ ಮಾತ್ರ ನೋಡಿ ಎದ್ದುಬಿಡಬೇಡಿ. ಎರಡು ಶಾಲೆಗಳಲ್ಲೂ ಹಾಜರಾತಿ ಶೇಕಡ 80 ಅಂತಿಟ್ಟುಕೊಳ್ಳಿ. ಒಂದು ಶಾಲೆಯಲ್ಲಿ ಎಲ್ಲ ಮಕ್ಕಳೂ ವಾರಕ್ಕೊಂದು ದಿನ ತಪ್ಪಿಸುತ್ತಾರೆ. ಇನ್ನೊಂದರಲ್ಲಿ ಐದರಲ್ಲಿ ನಾಲ್ಕು ಮಕ್ಕಳು ದಿನಾ ಬರುತ್ತಾರೆ, ಉಳಿದವರು ಬರುವುದೇ ಇಲ್ಲ. ಅಂಕಿ ಒಂದೇ ಆದರೂ ತೊಂದರೆ ಒಂದೇ ಅಲ್ಲ, ಪರಿಹಾರವೂ ಒಂದೇ ಅಲ್ಲ.

ಆದ್ದರಿಂದ ಪುಸ್ತಕವನ್ನು ಅಡ್ಡಡ್ಡ ಓದಿ, ಒಂದೊಂದು ಮಗುವಿನ ಸಾಲನ್ನು ಬೆರಳಿಟ್ಟು ನೋಡಿ. ಮೂರನೇ ತರಗತಿಯ ಹುಡುಗಿಯೊಬ್ಬಳ ಸಾಲು ಹೀಗಿರಬಹುದು: ಸೋಮವಾರ, ಮಂಗಳವಾರ ಬಂದಿದ್ದಾಳೆ. ಬುಧವಾರ ಇಲ್ಲ. ಗುರುವಾರ, ಶುಕ್ರವಾರ ಬಂದಿದ್ದಾಳೆ. ಮುಂದಿನ ವಾರ ಮತ್ತೆ ಬುಧವಾರ ಇಲ್ಲ. ಅದರ ಮುಂದಿನ ವಾರವೂ ಅಷ್ಟೇ. ಬುಧವಾರ ಸಂತೆ ಇದ್ದರೆ, ಅವ್ವ ಸಂತೆಗೆ ಹೋದಾಗ ಮನೆಯಲ್ಲಿ ಕೂಸನ್ನು ನೋಡಿಕೊಳ್ಳುವವಳು ಇವಳೇ ಅಂತ ಊಹಿಸಲು ಕಷ್ಟವಿಲ್ಲ. ಊಹೆ ಸರಿಯೇ ಅಂತ ಆಮೇಲೆ ಮನೆಗೆ ಹೋಗಿ ಕೇಳಿದರಾಯಿತು. ಇನ್ನೊಬ್ಬನ ಸಾಲಿನಲ್ಲಿ ಇಪ್ಪತ್ತು ದಿನ ಒಟ್ಟಿಗೆ ಖಾಲಿ ಇದ್ದರೆ ಅದು ಗುಳೆ ಹೋದ ಮನೆಯೋ, ಕಾಯಿಲೆಯೋ ಇರಬೇಕು. ಅಲ್ಲೊಂದು ಇಲ್ಲೊಂದು ಗೈರು ಕಂಡರೆ ಹೊಟ್ಟೆನೋವು, ಜ್ವರ, ಬಟ್ಟೆ ಒಣಗಿಲ್ಲ, ಇಂಥ ಸಣ್ಣ ಕಾರಣಗಳು.

ಒಟ್ಟು ಶಾಲಾ ದಿನಗಳಲ್ಲಿ ಹತ್ತರಲ್ಲಿ ಒಂದು ಭಾಗ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿಸಿದ ಮಗುವನ್ನು ಗಮನ ಬೇಕಾದ ಮಗು ಅಂತ ಗುರುತು ಮಾಡಿ. ವರ್ಷಕ್ಕೆ 200 ದಿನ ಶಾಲೆ ಎಂದರೆ ಅದು 20 ದಿನ. ಈ ಮಕ್ಕಳ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮುಂದಿನ ಕೆಲಸವೆಲ್ಲ ಈ ಹಾಳೆಯನ್ನು ನೋಡಿಕೊಂಡೇ ನಡೆಯಬೇಕು. ಅದನ್ನು ಗೋಡೆಗೆ ಮಾತ್ರ ಅಂಟಿಸಬೇಡಿ. ಬಡತನದ ಪಟ್ಟಿ ಎಲ್ಲರ ಕಣ್ಣಿಗೆ ಬಿದ್ದರೆ ಆ ಮಕ್ಕಳು ಇನ್ನೂ ದೂರ ಹೋಗುತ್ತಾರೆ.

ಆಮೇಲೆ ಮನೆಗೆ ಹೋಗಿ

ಸಂಜೆ ಹೊತ್ತು, ಕೆಲಸ ಮುಗಿಸಿ ದೊಡ್ಡವರು ಮನೆಗೆ ಬಂದ ಮೇಲೆ ಹೋಗಿ. "ಯಾಕೆ ಕಳಿಸ್ತಿಲ್ಲ?" ಅಂತ ಶುರುಮಾಡಿದರೆ ಅದು ವಿಚಾರಣೆಯಾಗುತ್ತದೆ. ಅವರು ತಕ್ಷಣ "ನಾಳೆಯಿಂದ ಕಳಿಸ್ತೀವಿ" ಅಂದುಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು ಮಗುವಿನ ದಿನಚರಿ ಕೇಳಿ. ಎಷ್ಟು ಹೊತ್ತಿಗೆ ಏಳುತ್ತದೆ, ನೀರು ಯಾರು ತರುತ್ತಾರೆ, ದನ ಕುರಿ ಯಾರು ಮೇಯಿಸುತ್ತಾರೆ, ಬೆಳಗ್ಗೆ ಏನು ತಿಂದು ಹೊರಡುತ್ತದೆ, ಶಾಲೆಗೆ ಎಷ್ಟು ದೂರ ನಡೆಯಬೇಕು. ಕಾರಣ ಆ ಮಾತಿನಲ್ಲೇ ಬಿದ್ದಿರುತ್ತದೆ.

ಕೇಳಿದ್ದನ್ನೆಲ್ಲ ಬರೆದುಕೊಂಡು ಬಂದ ಮೇಲೆ ಎರಡು ಪಾಲು ಮಾಡಿ. ಊಟದಿಂದ ಸರಿಹೋಗುವ ಕಾರಣಗಳು ಒಂದು ಪಾಲು: ಬೆಳಗ್ಗೆ ಬರೀ ಹೊಟ್ಟೆ, ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗಿ ತಿರುಗಿ ಬಾರದಿರುವುದು, ಒಂದು ಹೊತ್ತಿನ ಅನ್ನಕ್ಕಾಗಿ ಕೂಲಿಗೆ ಹೋಗುವುದು. ಊಟದಿಂದ ಸರಿಹೋಗದವು ಇನ್ನೊಂದು ಪಾಲು: ಹೊಳೆ ದಾಟಬೇಕಾದ ದಾರಿ, ಮನೆಯಲ್ಲಿ ಕೂಸಿನ ಆರೈಕೆ, ದೊಡ್ಡ ಹುಡುಗಿಯರಿಗೆ ಶೌಚಾಲಯ ಇಲ್ಲದಿರುವುದು, ಹೊಡೆಯುವ ಮೇಷ್ಟ್ರು. ಈ ಎರಡನೇ ಪಾಲನ್ನು ಊಟದ ತಲೆಗೆ ಕಟ್ಟಬೇಡಿ. ಶೌಚಾಲಯಕ್ಕೆ ಬಾಗಿಲಿಲ್ಲದ ಶಾಲೆಯಲ್ಲಿ ಎಷ್ಟು ಚೆನ್ನಾಗಿ ಬಡಿಸಿದರೂ ಏಳನೇ ತರಗತಿಯ ಹುಡುಗಿ ಮುಟ್ಟಿನ ದಿನಗಳಲ್ಲಿ ಬರದೇ ಇರಬಹುದು.

ಊಟದ ಹೊತ್ತು ಮತ್ತು ಬಗೆಯನ್ನು ಕಾರಣಕ್ಕೆ ಹೊಂದಿಸಿ

ಬಹಳ ಕಡೆ ಮಧ್ಯಾಹ್ನದ ಊಟ ಎಂದೇ ಲೆಕ್ಕ. ಆದರೆ ನಿಮ್ಮ ಹಾಳೆಯಲ್ಲಿ ಬೆಳಗ್ಗೆ ತಡವಾಗಿ ಬರುವವರು, ತಲೆಸುತ್ತು ಅನ್ನುವವರು ಜಾಸ್ತಿ ಇದ್ದರೆ ಬೆಳಗಿನ ತಿಂಡಿಯೇ ಹೆಚ್ಚು ಕೆಲಸಕ್ಕೆ ಬರುತ್ತದೆ. ತಿಂಡಿ ಕೊಡುವುದು ಪಾಠ ಶುರುವಾಗುವ ಮೊದಲೇ ಆದ್ದರಿಂದ ಮಕ್ಕಳು ಹೊತ್ತಿಗೆ ಸರಿಯಾಗಿ ಬರುವುದೂ ರೂಢಿಯಾಗುತ್ತದೆ. ತಮಿಳುನಾಡಿನಲ್ಲಿ ಮಧ್ಯಾಹ್ನದ ಊಟ ಹಲವು ದಶಕಗಳಿಂದ ಇದ್ದರೂ 2022ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯನ್ನೂ ಶುರುಮಾಡಿದರು.

ಮಧ್ಯಾಹ್ನದ ಮೇಲೆ ಬೆಂಚು ಖಾಲಿಯಾಗುತ್ತಿದ್ದರೆ ಊಟವನ್ನು ಸ್ವಲ್ಪ ಮುಂದೆ ಹಾಕಿ ಮಕ್ಕಳನ್ನು ಹಿಡಿದಿಟ್ಟುಕೊಳ್ಳೋಣ ಅಂತ ಕೆಲವರಿಗೆ ಅನಿಸುತ್ತದೆ. ದಯವಿಟ್ಟು ಬೇಡ. ಹಸಿದ ಮಗುವನ್ನು ಕಾಯಿಸಿ ಹಾಜರಾತಿ ಏರಿಸಬಾರದು. ಊಟದ ನಂತರದ ಮೊದಲ ಪಿರಿಯಡ್ಡಿಗೆ ಮಕ್ಕಳಿಗೆ ಇಷ್ಟವಾದದ್ದನ್ನು ಇಡಿ, ಕತೆಯೋ, ಆಟವೋ, ಚಿತ್ರವೋ.

ಅಡುಗೆಮನೆ ಕಟ್ಟುವ ಅನುಕೂಲವೇ ಇಲ್ಲದ ಕಡೆ ಪೌಷ್ಟಿಕ ಬಿಸ್ಕತ್ತು ಒಂದು ದಾರಿ. ಬಾಂಗ್ಲಾದೇಶದಲ್ಲಿ ಒಂದು ಮಗುವಿಗೆ 300 ಕ್ಯಾಲೊರಿಯಷ್ಟು ಬಿಸ್ಕತ್ತು ಕೊಟ್ಟಾಗ ದಾಖಲಾತಿಯೂ ಏರಿತು, ಹಾಜರಾತಿಯೂ ಏರಿತು. ಆದರೂ ನನ್ನ ಒಲವು ಬಿಸಿಯೂಟದ ಕಡೆಗೇ. ಒಟ್ಟಿಗೆ ಕೂತು ಉಣ್ಣುವುದು ಮಕ್ಕಳಿಗೆ ಇಷ್ಟ. ಪೊಟ್ಟಣದಲ್ಲಿ ಬಂದದ್ದು ಚೀಲದೊಳಗೆ ಮನೆಗೆ ಹೋಗುವುದೂ ಉಂಟು.

ಮನೆಗೆ ಹೋಗುವುದು ತಪ್ಪಂತೂ ಅಲ್ಲ. ಬುರ್ಕಿನಾ ಫಾಸೊದಲ್ಲಿ ಬೇಕೆಂದೇ ಹಾಗೆ ಮಾಡಿದ್ದರು. ತಿಂಗಳಲ್ಲಿ ಶೇಕಡ 90 ದಿನ ಬಂದ ಹುಡುಗಿಗೆ 10 ಕಿಲೊ ಹಿಟ್ಟು. ಅದರಿಂದ ಮನೆಯಲ್ಲಿದ್ದ ಐದು ವರ್ಷದೊಳಗಿನ ತಮ್ಮ ತಂಗಿಯರ ತೂಕವೂ ಸುಧಾರಿಸಿತು. ಮಗಳನ್ನು ಕಳಿಸಿದರೆ ಮನೆಗೆ ಆಗುವ ನಷ್ಟವನ್ನು ಇದು ಸ್ವಲ್ಪ ತುಂಬಿಕೊಡುತ್ತದೆ. ಸಂತೆ ದಿನದ ಆ ಹುಡುಗಿಯಂಥವರು ನಿಮ್ಮ ಹಾಳೆಯಲ್ಲಿ ತುಂಬಾ ಇದ್ದರೆ ಇದನ್ನು ಯೋಚಿಸಬಹುದು. ಆದರೆ ಇಂಥ ಷರತ್ತು ಇಟ್ಟಾಗ ಕಾಯಿಲೆ ಬಿದ್ದ ಮಗುವಿಗೆ ವಿನಾಯಿತಿ ಇರಲೇಬೇಕು. ಹಾಜರಿ ಬರೆಯುವ ಶಿಕ್ಷಕರ ಮೇಲೆ ಊರಿನ ಒತ್ತಡ ಬೀಳುತ್ತದೆ ಎಂಬುದೂ ನೆನಪಿರಲಿ.

ಊಟ ತಪ್ಪದ ಹಾಗೆ ಏರ್ಪಾಡು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಬೆಳಗ್ಗೆ ಮಗುವನ್ನು ಕಳಿಸುವಾಗ ತಾಯಿ ಒಂದು ಲೆಕ್ಕ ಹಾಕಿರುತ್ತಾಳೆ: ಮಧ್ಯಾಹ್ನ ಅಲ್ಲಿ ಊಟ ಸಿಗುತ್ತದೆ, ನಾನು ಕೆಲಸದಿಂದ ಓಡಿ ಬರಬೇಕಾಗಿಲ್ಲ. ವಾರದಲ್ಲಿ ಎರಡು ದಿನ ಊಟ ಇಲ್ಲವೆಂದಾದರೆ ಆ ಲೆಕ್ಕ ತಪ್ಪುತ್ತದೆ. ಯಾವ ಎರಡು ದಿನ ಅಂತ ಮೊದಲೇ ಗೊತ್ತಿಲ್ಲದಿದ್ದರಂತೂ ಉಳಿದ ಮೂರು ದಿನದ ಊಟಕ್ಕೂ ಬೆಲೆ ಉಳಿಯುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಭರ್ಜರಿಯಾಗಿ ಬಡಿಸುವುದಕ್ಕಿಂತ ದಿನಾ ಸಾದಾ ಊಟ ಬಡಿಸುವುದು ಎಷ್ಟೋ ಮೇಲು.

ಊಟ ನಿಲ್ಲುವುದು ಸಾಮಾನ್ಯವಾಗಿ ನಾಲ್ಕು ಕಾರಣಕ್ಕೆ: ಸಾಮಾನು ಬಂದಿಲ್ಲ, ದುಡ್ಡು ಬಂದಿಲ್ಲ, ಸೌದೆ ಅಥವಾ ಗ್ಯಾಸ್ ಮುಗಿದಿದೆ, ಅಡುಗೆಯವರು ಬಂದಿಲ್ಲ. ನಾಲ್ಕಕ್ಕೂ ಮುಂಚೆಯೇ ಉತ್ತರ ಇಟ್ಟುಕೊಳ್ಳಿ. ಧಾನ್ಯ, ಬೇಳೆ, ಎಣ್ಣೆ ಒಂದು ತಿಂಗಳಿಗಾಗುವಷ್ಟು ಯಾವಾಗಲೂ ಉಗ್ರಾಣದಲ್ಲಿರಲಿ. ಚೀಲಗಳು ನೆಲಕ್ಕೆ, ಗೋಡೆಗೆ ತಾಗದ ಹಾಗೆ ಹಲಗೆ ಮೇಲಿರಲಿ. ಮೊದಲು ಬಂದ ಚೀಲ ಮೊದಲು ಖರ್ಚಾಗಲಿ. ಅಡುಗೆಯವರು ಬಾರದ ದಿನ ಯಾರನ್ನು ಕರೆಯಬೇಕು ಎಂದು ಎರಡು ಹೆಸರು ಬರೆದಿಡಿ. ಅರ್ಧ ಗಂಟೆಯಲ್ಲಿ ಒಂದೇ ಪಾತ್ರೆಯಲ್ಲಿ ಆಗುವ ಒಂದು ಸರಳ ಅಡುಗೆ ಇಂಥ ದಿನಕ್ಕೆಂದೇ ಗೊತ್ತುಮಾಡಿರಲಿ.

ಊಟ ತಪ್ಪಿದರೆ ಯಾರು ಜವಾಬ್ದಾರಿ ಎಂಬುದೂ ತೀರ್ಮಾನವಾಗಿರಬೇಕು. ಭಾರತದ 2015ರ ಮಧ್ಯಾಹ್ನದ ಊಟದ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಊಟ ಕೊಡದ ದಿನಕ್ಕೆ ಮಗುವಿಗೆ ಆಹಾರ ಭದ್ರತಾ ಭತ್ಯೆ, ಅಂದರೆ ಆ ದಿನದ ಧಾನ್ಯ ಮತ್ತು ಅಡುಗೆ ಖರ್ಚಿನ ಹಣ, ಕೊಡಬೇಕು. ಸತತ ಮೂರು ಶಾಲಾ ದಿನ, ಇಲ್ಲವೇ ತಿಂಗಳಲ್ಲಿ ಐದು ದಿನ ಊಟ ತಪ್ಪಿದರೆ ಹೊಣೆ ಯಾರದು ಅಂತ ರಾಜ್ಯ ಸರ್ಕಾರ ಗೊತ್ತುಮಾಡಬೇಕು. ನಿಮ್ಮಲ್ಲಿ ಇಂಥ ಕಾನೂನು ಇದ್ದರೆ ಅದರ ಪ್ರತಿ ಶಾಲೆಯಲ್ಲಿರಲಿ. ಇಲ್ಲದಿದ್ದರೆ ಊರಿನ ಸಮಿತಿಯೇ ಒಂದು ಸಣ್ಣ ನಿಯಮ ಮಾಡಿಕೊಳ್ಳಬಹುದು: ಊಟ ತಪ್ಪಿದ ದಿನವೇ ಸಂಜೆ ಸಮಿತಿಗೆ ಸುದ್ದಿ ಹೋಗಬೇಕು.

ಪೋಷಕರಿಂದ ದುಡ್ಡು, ಸೌದೆ, ತರಕಾರಿ ಕೇಳುವ ಪದ್ಧತಿ ಹಲವು ದೇಶಗಳಲ್ಲಿದೆ. ಊರಿನವರ ಪಾಲೂ ಇರಲಿ ಎಂಬುದು ಒಳ್ಳೆಯ ಉದ್ದೇಶವೇ. ಆದರೆ ಕೊಡಲಾಗದ ಮನೆಯವರು ನಾಚಿಕೆಯಿಂದ ಮಗುವನ್ನೇ ಮನೆಯಲ್ಲಿ ಉಳಿಸಿಕೊಳ್ಳುತ್ತಾರೆ. ನಾವು ಕರೆತರಬೇಕು ಅಂತಿರುವುದೂ ಆ ಮಕ್ಕಳನ್ನೇ. ಕೊಡುವವರು ಕೊಡಲಿ, ಕೊಡದವರ ಲೆಕ್ಕ ಇಡಬೇಡಿ. ಊರಿನ ಸಣ್ಣ ರೈತರಿಂದ ದುಡ್ಡು ಕೊಟ್ಟೇ ಕೊಳ್ಳುವುದು ಇದಕ್ಕಿಂತ ಮೇಲು. ಬ್ರೆಜಿಲ್‌ನಲ್ಲಿ ಶಾಲಾ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡ 30 ಭಾಗವನ್ನು ಸಣ್ಣ ಕೃಷಿ ಕುಟುಂಬಗಳಿಂದ ಕೊಳ್ಳಲು ಬಳಸಬೇಕು ಅಂತ 2009ರಲ್ಲೇ ಕಾನೂನು ಮಾಡಿದರು.

ಅಡುಗೆಮನೆ

ಅಡುಗೆಯವರು ಎಷ್ಟು ಮಂದಿ ಬೇಕು? ಭಾರತದ ಅಳತೆ ಇದು: 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ 100 ಮಕ್ಕಳಿಗೆ ಇನ್ನೊಬ್ಬರು. ಅವರ ಕೂಲಿ ತಿಂಗಳುಗಟ್ಟಲೆ ಬಾಕಿ ಇಟ್ಟು ಊಟ ಹೊತ್ತಿಗೆ ಸರಿಯಾಗಿ ಬರಲಿ ಅಂದರೆ ಹೇಗೆ? ಸಾಮಾನಿಗೆ ಕೊಡುವಷ್ಟೇ ಗಮನ ಕೂಲಿಗೂ ಕೊಡಿ.

ಸುರಕ್ಷತೆಯಲ್ಲಿ ಸಡಿಲ ಬೇಡವೇ ಬೇಡ. 2013ರಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಊಟ ಮಾಡಿದ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇತ್ತು. ಔಷಧಿ, ಗೊಬ್ಬರ, ಸೀಮೆಎಣ್ಣೆ ಯಾವುದನ್ನೂ ಉಗ್ರಾಣದ ಹತ್ತಿರಕ್ಕೆ ತರಬೇಡಿ. ಅವು ತುಂಬಿದ್ದ ಡಬ್ಬಿಯನ್ನು ಎಷ್ಟೇ ತೊಳೆದಿದ್ದರೂ ಅಡುಗೆಮನೆಗೆ ಸೇರಿಸಬೇಡಿ. ಎಣ್ಣೆ ಮುಚ್ಚಿದ ಪ್ಯಾಕೆಟ್ಟಿನಲ್ಲೇ ಬರಲಿ. ಬಡಿಸುವ ಮೊದಲು ಒಬ್ಬ ಶಿಕ್ಷಕರೂ ಸೇರಿ ಎರಡು ಮೂರು ಮಂದಿ ದೊಡ್ಡವರು ರುಚಿ ನೋಡಿ, ಪುಸ್ತಕದಲ್ಲಿ ಸಹಿ ಹಾಕಲಿ. ವಾಸನೆ ಒಂದು ಚೂರು ಬೇರೆ ಅನಿಸಿದರೂ ಆ ಪಾತ್ರೆ ಮಕ್ಕಳ ಮುಂದೆ ಹೋಗಕೂಡದು. ಹಾಗೆ ನಿಲ್ಲಿಸಿದ ಅಡುಗೆಯವರನ್ನು ಯಾರೂ ಬೈಯಬಾರದು.

ಉಳಿದದ್ದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸರಳ ಪಾಠ. ಒಳಗಿನವರೆಗೂ ಚೆನ್ನಾಗಿ ಬೇಯಲಿ. ಬೆಂದದ್ದು ಬಡಿಸುವವರೆಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿರಲಿ. ಒಲೆಯಿಂದ ಇಳಿಸಿ ಎರಡು ಗಂಟೆಗಿಂತ ಜಾಸ್ತಿ ಹೊತ್ತು ಹಾಗೇ ಬಿಡಬೇಡಿ. ಕುಡಿಯುವ, ಅಡುಗೆಗೆ ಬಳಸುವ ನೀರು ಚೊಕ್ಕಟವಾಗಿರಲಿ. ಉಣ್ಣುವ ಮೊದಲು ಸೋಪು ಹಾಕಿ ಕೈ ತೊಳೆಯಲಿ. ಬೇಧಿಯಿಂದ ಮಲಗಿದ ಮಗುವೂ ಪುಸ್ತಕದಲ್ಲಿ ಗೈರೇ ಆಗುತ್ತದೆ.

ಎಷ್ಟು, ಏನು ಬಡಿಸಬೇಕು

ಒಂದು ಅಂದಾಜಿಗೆ ಭಾರತದ ಅಳತೆಯನ್ನೇ ನೋಡಿ. ಕೆಳಗಿನ ತರಗತಿಗಳಿಗೆ ಒಂದು ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೇ ತರಗತಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಧಾನ್ಯ ಕ್ರಮವಾಗಿ 100 ಗ್ರಾಂ, 150 ಗ್ರಾಂ. ಬರೀ ಧಾನ್ಯದಿಂದ ಹೊಟ್ಟೆ ತುಂಬುತ್ತದೆ, ಮಗು ಬೆಳೆಯುವುದಿಲ್ಲ. ಬೇಳೆಕಾಳು, ಸೊಪ್ಪು ತರಕಾರಿ, ಸ್ವಲ್ಪ ಎಣ್ಣೆ, ಸಾಧ್ಯವಿದ್ದಷ್ಟು ಮೊಟ್ಟೆ ಅಥವಾ ಹಾಲು ಇರಲಿ. ಆ ಸೀಮೆಯ ಮಕ್ಕಳು ಮನೆಯಲ್ಲಿ ತಿಂದು ರೂಢಿ ಇರುವ ಧಾನ್ಯವನ್ನೇ ಬಳಸಿ.

"ಶಾಲೇಲಿ ಉಂಡು ಬರ್ತಾರೆ ಅಂತ ಮನೇಲಿ ಕಡಿಮೆ ಹಾಕ್ತಾರೆ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಮಧ್ಯಪ್ರದೇಶದಲ್ಲಿ ಇದನ್ನೂ ನೋಡಿದ್ದಾರೆ. ಶಾಲೆಯಲ್ಲಿ ಸಿಕ್ಕಿದ್ದು ಮಗುವಿನ ಹೊಟ್ಟೆಗೆ ಹೆಚ್ಚುವರಿಯಾಗೇ ಸೇರಿತ್ತು, ಮನೆಯ ಊಟ ಅದಕ್ಕೆ ತಕ್ಕಂತೆ ಕಡಿಮೆಯಾಗಿರಲಿಲ್ಲ.

ಬಡಿಸುವ ಸಾಲಿನಲ್ಲಿ ನಿಂತು ನೋಡಿ

ವಾರಕ್ಕೊಮ್ಮೆಯಾದರೂ ಊಟದ ಹೊತ್ತಿಗೆ ಸುಮ್ನೆ ಒಂದು ಮೂಲೆಯಲ್ಲಿ ನಿಲ್ಲಿ. ಮೊದಲ ತಟ್ಟೆಗೆ ಬಿದ್ದಷ್ಟೇ ಕೊನೆಯ ತಟ್ಟೆಗೂ ಬೀಳುತ್ತಿದೆಯಾ? ಸಾಲಿನ ಕೊನೆಗೆ ಬರುವಷ್ಟರಲ್ಲಿ ಸೌಟು ಪಾತ್ರೆಯ ತಳ ಕೆರೆಯುತ್ತಿದ್ದರೆ, ಬೇಳೆಯ ಬದಲು ತಿಳಿನೀರು ಬರುತ್ತಿದ್ದರೆ, ಆ ಕೊನೆಯಲ್ಲಿ ದಿನಾ ಕೂರುವವರು ಯಾರು ಅಂತ ನೋಡಿ. ಸಣ್ಣ ಮಕ್ಕಳೋ, ಹುಡುಗಿಯರೋ, ಊರಿನವರು ದೂರ ಇಡುವ ಮನೆಗಳ ಮಕ್ಕಳೋ ಆಗಿರುತ್ತಾರೆ. ನಿಮ್ಮ ಹಾಳೆಯಲ್ಲಿರುವ ಹೆಸರುಗಳು ಇಲ್ಲಿ ಸಿಕ್ಕರೆ ಆಶ್ಚರ್ಯ ಪಡಬೇಡಿ.

ಬೇರೆ ಸಾಲು, ಬೇರೆ ತಟ್ಟೆ, ಬೇರೆ ನೀರಿನ ಲೋಟ ಯಾವ ನೆಪಕ್ಕೂ ಒಪ್ಪಬೇಡಿ. ಇಂಥವರು ಬೇಯಿಸಿದ್ದನ್ನು ನಮ್ಮ ಮಕ್ಕಳು ತಿನ್ನುವುದಿಲ್ಲ ಅಂತ ಯಾರಾದರೂ ತಕರಾರು ತೆಗೆದರೆ ಅಡುಗೆಯವರನ್ನು ಬದಲಿಸಿ ಜಗಳ ಮುಗಿಸುವುದು ಸುಲಭ ಅನಿಸುತ್ತದೆ. ಅದನ್ನು ಮಾಡಲೇಬೇಡಿ. ಒಮ್ಮೆ ಬಗ್ಗಿದರೆ ಆ ಸಮುದಾಯದ ಮಕ್ಕಳಿಗೆ ಶಾಲೆ ನಿಮ್ಮದಲ್ಲ ಅಂತ ಹೇಳಿದ ಹಾಗೆ. ಶಿಕ್ಷಕರು ಅದೇ ಸಾಲಿನಲ್ಲಿ ಕೂತು ಅದೇ ಊಟ ಮಾಡಲಿ, ಅರ್ಧ ತಕರಾರು ಅಲ್ಲೇ ನಿಲ್ಲುತ್ತದೆ.

ಶಿಕ್ಷೆಯಾಗಿ ಊಟ ತಪ್ಪಿಸುವುದು, "ನಿನ್ನೆ ಬಂದಿಲ್ಲ, ಇವತ್ತು ಕೊನೆಗೆ ನಿಲ್ಲು" ಅನ್ನುವುದು, ಇವೂ ನಿಲ್ಲಬೇಕು.

ತಟ್ಟೆ ಎಣಿಸಿ

ಧಾನ್ಯ ಹಾಜರಾತಿಯ ಲೆಕ್ಕಕ್ಕೆ ಬರುತ್ತದೆ ಎಂದಾದ ಕೂಡಲೇ ಹಾಜರಾತಿ ಪುಸ್ತಕ ಉಬ್ಬತೊಡಗುತ್ತದೆ. ಹಾಗಾಗಿ ದಿನಾ ಮೂರು ಅಂಕಿ ಬರೆದಿಡಿ: ಬೆಳಗ್ಗೆ ಹಾಜರಿ ಕರೆದಾಗ ಇದ್ದವರು, ಬಡಿಸಿದ ತಟ್ಟೆಗಳು, ಕೊನೆಯ ಪಿರಿಯಡ್ಡಿನಲ್ಲಿ ಇದ್ದವರು. ಪಕ್ಕದಲ್ಲಿ ಉಗ್ರಾಣದಿಂದ ಹೊರಗೆ ತೆಗೆದ ಧಾನ್ಯದ ತೂಕ. ತಟ್ಟೆಗೆ 100 ಗ್ರಾಂ ಎಂದಾದರೆ 46 ತಟ್ಟೆಗೆ 4.6 ಕಿಲೊ. ಪುಸ್ತಕದಲ್ಲಿ 60 ಮಕ್ಕಳು, ಧಾನ್ಯ 6 ಕಿಲೊ, ತೊಳೆದಿಟ್ಟ ತಟ್ಟೆ ಮಾತ್ರ 46 ಎಂದಿದ್ದರೆ ಯಾರೂ ಬಾಯಿಬಿಟ್ಟು ಹೇಳದೆಯೇ ವಿಷಯ ಗೊತ್ತಾಗುತ್ತದೆ.

ಈ ಅಂಕಿಗಳಿಂದ ಇನ್ನೊಂದು ಉಪಯೋಗವೂ ಇದೆ. ಬೆಳಗ್ಗೆ 40, ತಟ್ಟೆ 52 ಎಂದರೆ ಕೆಲವರು ಊಟಕ್ಕಷ್ಟೇ ಬರುತ್ತಿದ್ದಾರೆ. ಅವರನ್ನು ಓಡಿಸಬೇಡಿ, ಅವರ ಹೆಸರು ಬರೆದುಕೊಳ್ಳಿ. ಅನ್ನಕ್ಕಾಗಿ ಶಾಲೆಯ ಬಾಗಿಲವರೆಗೆ ಬಂದ ಮಗುವನ್ನು ತರಗತಿಗೆ ಕರೆಯುವುದು, ಮನೆಯಲ್ಲೇ ಇರುವ ಮಗುವನ್ನು ಕರೆತರುವುದಕ್ಕಿಂತ ಸುಲಭ.

ಪಾಠದ ಹೊತ್ತು ಉಳಿಸಿಕೊಳ್ಳಿ

ಕೀನ್ಯಾದ ಆ ಶಿಶುವಿಹಾರಗಳಲ್ಲಿ ಗಂಜಿ ಮಾಡಿ ಹಂಚುವುದರಲ್ಲಿ ಪಾಠದ ಹೊತ್ತು ಸ್ವಲ್ಪ ಹೋಗುತ್ತಿತ್ತು. ಓದಿನಲ್ಲಿ ಸುಧಾರಣೆ ಕಂಡದ್ದು ಚೆನ್ನಾಗಿ ತರಬೇತಾದ ಶಿಕ್ಷಕರಿದ್ದ ಕಡೆ ಮಾತ್ರ. ಆದ್ದರಿಂದ ತರಕಾರಿ ಕೊಳ್ಳುವುದು, ಸೌದೆ ಹೊಂದಿಸುವುದು, ಬಡಿಸುವುದು ಶಿಕ್ಷಕರ ತಲೆ ಮೇಲೆ ಬೀಳದಿರಲಿ. ತಾಯಂದಿರ ಗುಂಪು ಸರದಿಯ ಮೇಲೆ ಬಡಿಸಲು ಬರಬಹುದು. ಮಕ್ಕಳನ್ನು ನೀರು ಹೊರಲು, ಪಾತ್ರೆ ಉಜ್ಜಲು ತರಗತಿಯಿಂದ ಎಬ್ಬಿಸಬಾರದು. ಅದರಲ್ಲೂ ಹುಡುಗಿಯರನ್ನೇ ಎಬ್ಬಿಸುವ ಅಭ್ಯಾಸ ಬಹಳ ಕಡೆ ಇದೆ.

ಮೂರು ತಿಂಗಳ ನಂತರ

ಮೊದಲು ಬರೆದಿಟ್ಟ ಹಾಳೆಯನ್ನು ಮತ್ತೆ ತೆಗೆಯಿರಿ. ಇಡೀ ಶಾಲೆಯ ಸರಾಸರಿ ಎಷ್ಟು ಏರಿತು ಎಂಬುದನ್ನು ಬದಿಗಿಟ್ಟು ಈ ಹೆಸರುಗಳಲ್ಲಿ ಎಷ್ಟು ಮಂದಿ ಈಗ ದಿನಾ ಬರುತ್ತಿದ್ದಾರೆ ಅಂತ ನೋಡಿ. ಹೋಲಿಸುವಾಗ ಸುಗ್ಗಿಯ ತಿಂಗಳನ್ನು ಸುಗ್ಗಿಯ ತಿಂಗಳಿಗೇ ಹೋಲಿಸಿ. ಬಿತ್ತನೆ, ಕೊಯ್ಲಿನ ಹೊತ್ತಲ್ಲಿ ಹಾಜರಾತಿ ಇಳಿಯುವುದು ಊಟದ ತಪ್ಪಲ್ಲ. ಹಿಂದಿನ ಬೆಳೆ ಮುಗಿದು ಮುಂದಿನದು ಕೈಗೆ ಬರುವ ಮೊದಲಿನ ಬಡ ತಿಂಗಳುಗಳಲ್ಲಿ ತಟ್ಟೆಯ ಲೆಕ್ಕ ಏರುತ್ತದೆ, ಅದಕ್ಕೆ ತಕ್ಕ ದಾಸ್ತಾನು ಮೊದಲೇ ಮಾಡಿಕೊಳ್ಳಿ. ರಜೆಯಲ್ಲೂ ಊಟ ಮುಂದುವರಿಸಲು ಸಾಧ್ಯವಾದರೆ ರಜೆ ಮುಗಿದ ಮೇಲೆ ಮಕ್ಕಳನ್ನು ಹುಡುಕಿ ಕರೆತರುವ ಕೆಲಸ ತುಂಬಾ ಕಡಿಮೆಯಾಗುತ್ತದೆ.

ಕಾಯಿಲೆಯ ಗೈರು ಇನ್ನೂ ಜಾಸ್ತಿ ಇದ್ದರೆ ಜಂತುಹುಳುವಿನ ಮಾತ್ರೆ, ರಕ್ತಹೀನತೆಯ ತಪಾಸಣೆ ಇವುಗಳಿಗೆ ಹತ್ತಿರದ ಆರೋಗ್ಯ ಕೇಂದ್ರದವರನ್ನು ಕರೆಸಿ. ಹುಳುವಿನ ಕಾಟ ಇರುವ ಕಡೆ ಶಾಲೆಯ ಮಕ್ಕಳಿಗೆಲ್ಲ ವರ್ಷಕ್ಕೆ ಒಂದು ಸಲ, ಕಾಟ ಜಾಸ್ತಿ ಇದ್ದರೆ ಎರಡು ಸಲ ಮಾತ್ರೆ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಊಟ ದಿನಾ ಸರಿಯಾಗಿ ನಡೆದೂ ಒಂದು ಮಗು ಬರುತ್ತಿಲ್ಲ ಎಂದರೆ ಅಡುಗೆ ಬದಲಿಸುವುದರಿಂದ ಏನೂ ಆಗದು. ಮನೆಯವರು ಹೇಳಿದ್ದನ್ನು ಬರೆದುಕೊಂಡಿದ್ದಿರಲ್ಲ, ಅದರ ಎರಡನೇ ಪಾಲನ್ನು ತೆಗೆದು ದಾರಿ, ಶೌಚಾಲಯ, ಕೂಸಿನ ಆರೈಕೆ, ಬೆತ್ತ, ಇವುಗಳಲ್ಲಿ ಆ ಮಗುವಿನ ಕಾರಣ ಯಾವುದೆಂದು ನೋಡಿ, ಮುಂದಿನ ಸಮಿತಿ ಸಭೆಯಲ್ಲಿ ಅದೊಂದನ್ನೇ ಚರ್ಚೆಗಿಡಿ.